ಬೀಜ ಮನೆ ಬಿಟ್ಟದ್ದು ಯಾವಾಗ?

ಶ್ವಾಸಕೋಶದ ಕ್ಯಾನ್ಸರ್ ಗಡ್ಡೆಯನ್ನು ಪೂರ್ತಿ ಕತ್ತರಿಸಿ ತೆಗೆದ ಮೇಲೂ ವರ್ಷವೆರಡು ವರ್ಷದಲ್ಲಿ ಅದು ಮಿದುಳಿನಲ್ಲೋ ಮೂಳೆಯಲ್ಲೋ ತಲೆಯೆತ್ತುವುದುಂಟು. ಆಗ ಮನೆಯವರು ಕೇಳುವ ಪ್ರಶ್ನೆ ಒಂದೇ: ಇನ್ನೂ ಬೇಗ ಆಸ್ಪತ್ರೆಗೆ ತಂದಿದ್ದರೆ?

ಕ್ಯಾನ್ಸರ್ ಹರಡುವ ಬಗೆಯನ್ನು ಕುರಿತ ವಿಚಾರ ಹಳೆಯದು. 1889ರಲ್ಲಿ ಲಂಡನ್ನಿನ ಶಸ್ತ್ರವೈದ್ಯ ಸ್ಟೀಫನ್ ಪ್ಯಾಜೆಟ್, ಸ್ತನ ಕ್ಯಾನ್ಸರಿನಿಂದ ಸತ್ತ 735 ಮಂದಿಯ ದಾಖಲೆಗಳನ್ನು ಕಲೆಹಾಕಿದ. ರೋಗ 241 ಮಂದಿಯ ಯಕೃತ್ತಿಗೆ ಹಬ್ಬಿತ್ತು, ಗುಲ್ಮಕ್ಕೆ ಹಬ್ಬಿದ್ದು 17 ಮಂದಿಯಲ್ಲಿ ಮಾತ್ರ. ರಕ್ತ ಎರಡಕ್ಕೂ ಹರಿಯುತ್ತದಲ್ಲ, ಈ ಪಕ್ಷಪಾತವೇಕೆ? ಕ್ಯಾನ್ಸರ್ ಕೋಶಗಳು ಬೀಜದಂತೆ ಎಲ್ಲೆಡೆ ಚೆಲ್ಲಿದರೂ ಹದವಾದ ನೆಲ ಸಿಕ್ಕಲ್ಲಿ ಮಾತ್ರ ಮೊಳೆಯುತ್ತವೆ ಎಂದು ಆತ ತರ್ಕಿಸಿದ. ಬೇಸಾಯ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ವೈದ್ಯರಿಗೆ ಮಾತ್ರ ರುಚಿಸಲಿಲ್ಲ. 1928ರಲ್ಲಿ ಅಮೆರಿಕದ ಜೇಮ್ಸ್ ಯೂಯಿಂಗ್, ರಕ್ತನಾಳಗಳ ಹಾದಿಯೇ ಎಲ್ಲವನ್ನೂ ತೀರ್ಮಾನಿಸುತ್ತದೆ ಎಂದ. ದಶಕಗಳ ಕಾಲ ಅವನ ಮಾತೇ ನಡೆಯಿತು. 1980ರ ಸುಮಾರಿಗೆ ಐಸಾಯ ಫಿಡ್ಲರ್ ಮತ್ತು ಸಂಗಡಿಗರು ಇಲಿಯ ತೊಡೆಗೆ ಶ್ವಾಸಕೋಶ ಹಾಗೂ ಮೂತ್ರಪಿಂಡದ ತುಣುಕುಗಳನ್ನು ಕಸಿಮಾಡಿ, ರಕ್ತಕ್ಕೆ ಕ್ಯಾನ್ಸರ್ ಕೋಶಗಳನ್ನು ಬಿಟ್ಟರು. ಗಡ್ಡೆ ಬೆಳೆದದ್ದು ಶ್ವಾಸಕೋಶದ ತುಣುಕಿನಲ್ಲಿ. ಪ್ಯಾಜೆಟ್ ಮರಳಿ ಬಂದ. ಹಾಗೆಂದು ಯೂಯಿಂಗ್ ಪೂರ್ತಿ ಸೋತನೆನ್ನಲಾಗದು. ಶ್ವಾಸಕೋಶದ ರಕ್ತ ನೇರವಾಗಿ ಹೃದಯದ ಎಡಭಾಗ ಸೇರಿ, ಅಲ್ಲಿಂದ ಮೈಯೆಲ್ಲ ಹರಿಯುತ್ತದೆ. ಅಲ್ಲಿ ಹುಟ್ಟಿದ ಬೀಜಕ್ಕೆ ಹೆದ್ದಾರಿಯೇ ಸಿಕ್ಕಂತೆ.

ಬೀಜ ಮನೆ ಬಿಟ್ಟದ್ದು ಯಾವಾಗ ಎಂಬುದಕ್ಕೆ ಉತ್ತರಿಸಲು ವಂಶವಾಹಿಗಳನ್ನು ಓದುವ ವಿದ್ಯೆ ಬರಬೇಕಾಯಿತು. ಓಲೆಗರಿ ಪ್ರತಿಗಳ ತಪ್ಪುಗಳನ್ನು ಹೋಲಿಸಿ, ಯಾವ ಪ್ರತಿಯಿಂದ ಯಾವುದು ಹುಟ್ಟಿತೆಂದು ಗ್ರಂಥಸಂಪಾದಕರು ಹೇಳುತ್ತಾರಷ್ಟೆ. ಕೋಶ ಒಡೆದು ಎರಡಾಗುವಾಗಲೂ ನಕಲಿನ ತಪ್ಪುಗಳು ಉಳಿಯುತ್ತವೆ. ಬ್ರಿಟನ್ನಿನಲ್ಲಿ 2014ರಲ್ಲಿ ಚಾರ್ಲ್ಸ್ ಸ್ವಾಂಟನ್ ಮುಂದಾಳ್ತನದಲ್ಲಿ ಆರಂಭವಾದ ಟ್ರೇಸರ್‌ಎಕ್ಸ್ ಅಧ್ಯಯನ ಇದೇ ಜಾಡು ಹಿಡಿಯಿತು. ಒಂದೇ ಗಡ್ಡೆಯ ಹಲವು ಭಾಗಗಳನ್ನೂ, ಬೇರೆಡೆ ಹಬ್ಬಿದ ಗಡ್ಡೆಯನ್ನೂ ಓದಿ ವಂಶವೃಕ್ಷ ಬರೆಯಿತು.

126 ರೋಗಿಗಳ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಸುಮಾರು ಕಾಲುಭಾಗದಲ್ಲಿ, ಮೂಲ ಗಡ್ಡೆಯನ್ನು ಕೊನೆಗೆ ಆಳಿದ ಕೋಶವಂಶ ಹುಟ್ಟುವ ಮೊದಲೇ ಹರಡುವ ಕವಲು ಬೇರೆಯಾಗಿತ್ತು. ಗಡ್ಡೆ 8 ಮಿಲಿಮೀಟರಿಗಿಂತ ಚಿಕ್ಕದಿದ್ದಾಗಲೇ ಇಂಥ ಅಗಲಿಕೆ ಹೆಚ್ಚೆಂದು ಕಂಪ್ಯೂಟರ್ ಲೆಕ್ಕ ಸೂಚಿಸಿತು. ಒಂದು ಕಡಲೆಕಾಳಿನಷ್ಟು! ಆ ಗಾತ್ರದಲ್ಲಿ ಕೆಮ್ಮಿಲ್ಲ, ನೋವಿಲ್ಲ, ಎದೆಯ ಎಕ್ಸ್‌ರೇಯಲ್ಲೂ ಎಷ್ಟೋ ಸಲ ಸುಳಿವಿಲ್ಲ. ರೋಗ ಪತ್ತೆಯಾದಾಗಲೂ ಧೂಮಪಾನ ಬಿಡದಿದ್ದವರಲ್ಲಿ ಇದು ಹೆಚ್ಚಾಗಿತ್ತು.

ಉಳಿದ ಮುಕ್ಕಾಲು ಪಾಲಿನಲ್ಲಿ ಕವಲೊಡೆದದ್ದು ತಡವಾಗಿ. ಆ ಮನೆಯವರ ಪ್ರಶ್ನೆಗೆ, ಹಾಗಾಗಿ, ಎಲ್ಲರಿಗೂ ಸಲ್ಲುವ ಒಂದೇ ಉತ್ತರವಿಲ್ಲ.