ಗೇಮ್ ಅಕೌಂಟ್ ಬ್ಯಾನ್ ಆದ್ರೆ ಕೇಳೋದು ಯಾರನ್ನ?

ದುಡ್ಡು ಕೊಟ್ಟು ಸ್ಕಿನ್ ಕೊಂಡಿರ್ತೀರಿ, ಅಕೌಂಟ್ ಬ್ಯಾನ್ ಆಗುತ್ತೆ. ಕಾರಣ 'ನಿಯಮ ಉಲ್ಲಂಘನೆ'. ಯಾವ ನಿಯಮ ಅಂತ ಕೇಳಿದರೆ ಬಾಟ್ ಅದೇ ಉತ್ತರ ಒಪ್ಪಿಸುತ್ತೆ.

ಎಂಜಿನಿಯರಿಂಗ್ ಓದಿದ ನನಗೆ ಕಂಪನಿಗಳ ವಾದ ಅರ್ಥವಾಗುತ್ತೆ: ಚೀಟಿಂಗ್ ಪತ್ತೆಹಚ್ಚಿದ್ದು ಹೇಗೆ ಅಂತ ಬಿಡಿಸಿ ಹೇಳಿದರೆ ಚೀಟರ್‌ಗಳು ಬೇರೆ ದಾರಿ ಹುಡುಕ್ತಾರೆ. ಆದರೆ ಪತ್ತೆಯ ವಿಧಾನ ಬೇರೆ, ಮುರಿದ ನಿಯಮ ಬೇರೆ. ಎರಡನೆಯದನ್ನು ಮುಚ್ಚಿಡಲು ಯಾವ ನೆಪವೂ ಇಲ್ಲ.

ಕಾನೂನು ಏನನ್ನುತ್ತೆ?

2020ರ ಗ್ರಾಹಕ ಸಂರಕ್ಷಣಾ (ಇ-ಕಾಮರ್ಸ್) ನಿಯಮಗಳು ಡಿಜಿಟಲ್ ಉತ್ಪನ್ನಗಳಿಗೂ ಅನ್ವಯ. ಕುಂದುಕೊರತೆ ಅಧಿಕಾರಿ 48 ಗಂಟೆಯೊಳಗೆ ದೂರು ತಲುಪಿದೆ ಎಂದು ತಿಳಿಸಿ, ಒಂದು ತಿಂಗಳಲ್ಲಿ ಇತ್ಯರ್ಥಪಡಿಸಬೇಕು. ಸಮಂಜಸ ಕಾರಣವಿಲ್ಲದೆ ಏಕಪಕ್ಷೀಯವಾಗಿ ಒಪ್ಪಂದ ಮುರಿಯಲು ಬಿಡುವ ಷರತ್ತು 2019ರ ಕಾಯ್ದೆಯ ಪ್ರಕಾರ 'ಅನ್ಯಾಯದ ಒಪ್ಪಂದ'ದ ಲಕ್ಷಣ. ಅದರ ದೂರು ಹೋಗಬೇಕಾದ್ದು ಜಿಲ್ಲಾ ಆಯೋಗಕ್ಕಲ್ಲ, ರಾಜ್ಯ ಆಯೋಗಕ್ಕೆ.

ಏನು ಮಾಡಬೇಕು?

ಪಾವತಿ ರಸೀದಿ, ಸ್ಕ್ರೀನ್‌ಶಾಟ್, ಟಿಕೆಟ್ ನಂಬರ್ ಎತ್ತಿಟ್ಟುಕೊಳ್ಳಿ. ಮೊದಲು ಕುಂದುಕೊರತೆ ಅಧಿಕಾರಿಗೆ ಬರೆಯಿರಿ. ಉತ್ತರ ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು.

ಯುರೋಪಿನ ಡಿಜಿಟಲ್ ಸರ್ವಿಸಸ್ ಆಕ್ಟ್ ಪ್ರಕಾರ, ಆನ್‌ಲೈನ್ ಪ್ಲಾಟ್‌ಫಾರ್ಮ್‌ಗಳು ಬಳಕೆದಾರರ ದೂರನ್ನು ಬರೀ ಯಂತ್ರದ ಕೈಗೆ ಬಿಡುವಂತಿಲ್ಲ. ನಾವೂ ಕೇಳಬೇಕಾದ್ದು ಅದನ್ನೇ. ಕೊಂಡದ್ದು 'ಲೈಸೆನ್ಸ್ ಮಾತ್ರ' ಅನ್ನೋ ಷರತ್ತು ಇದ್ದರೆ ಇರಲಿ, ಕೊಟ್ಟ ದುಡ್ಡು ನಿಜವಾದದ್ದೇ ತಾನೇ?