ತಿರುಗುವುದೂ ಹೊತ್ತುವುದೂ

ಅಣ್ಣಿಗೇರಿಯಿಂದ ನವಲಗುಂದಕ್ಕೆ ಹೋಗುವ ದಾರಿಯ ಇಕ್ಕೆಲಗಳಲ್ಲಿಯೂ ಕಣ್ಣು ಹರಿಯುವವರೆಗೆ ಎರೆಹೊಲ. ಹೊತ್ತು ಮುಳುಗುವ ವೇಳೆಗೆ ನಮ್ಮ ಕಾರು ಅಲ್ಲಿ ನಿಂತುಬಿಟ್ಟಿತು. ವಯಸ್ಸಾದ ತಾಯಿಯವರು ಜೊತೆಯಲ್ಲಿದ್ದರು. ಕೀಲಿಯನ್ನು ತಿರುಗಿಸಿದರೆ ಯಂತ್ರವು ಗರಗರನೆ ಸುತ್ತುತ್ತಿತ್ತು, ಹೊತ್ತಿಕೊಳ್ಳಲೊಲ್ಲದು. ಆತುರದಿಂದ ನಾವು ಮತ್ತೆ ಮತ್ತೆ ತಿರುಗಿಸಿದೆವು. ಹೊಲದಿಂದ ಮರಳುತ್ತಿದ್ದ ನಾಲ್ಕಾರು ಮಂದಿ ಆ ಸೀಮೆಗೆ ಸಹಜವಾದ ಔದಾರ್ಯದಿಂದ ಬಂದು, "ಒಂದೀಟ ದೂಡೂಣ ತಗೋರಿ ಸರ, ಚಾಲೂ ಆಕ್ಕೈತಿ" ಎಂದು ಕೈ ಹಚ್ಚಿದರು. ಅವರೊಳಗೆ ಟ್ರ್ಯಾಕ್ಟರು ನಡೆಸುವ ಹಿರಿಯರೊಬ್ಬರು ಮಾತ್ರ, "ತಿರಗೂದು ತಿರಗಾಕತ್ತೈತಿ, ದೂಡಿ ಏನ್ ಮಾಡ್ತೀರಿ?" ಎಂದು ಕೇಳಿದರು. ಆ ಒಂದು ಪ್ರಶ್ನೆಯಲ್ಲಿ ಮೋಟಾರಿನ ಚರಿತ್ರೆಯ ಬಹುಭಾಗವು ಅಡಗಿದೆಯೆಂಬುದು ನಮಗೆ ಆಮೇಲೆ ಹೊಳೆಯಿತು.

ಯಂತ್ರವು ತಿರುಗುವುದು ಬೇರೆ, ಹೊತ್ತುವುದು ಬೇರೆ. ತಿರುಗಿಸುವುದು ಹೊರಗಿನ ಬಲ. ಹೊತ್ತಿದ ಮೇಲೆ ಹುಟ್ಟುವುದು ಯಂತ್ರದ ಸ್ವಂತ ಬಲ. ದೂಡುವುದರಿಂದ ನೀಗುವುದು ಮೊದಲನೆಯದರ ಕೊರತೆಯೇ ಹೊರತು ಎರಡನೆಯದರದಲ್ಲ. ಹೊತ್ತುವುದಕ್ಕೆ ಮೂರು ಬೇಕು: ಗಾಳಿಯೊಡನೆ ಹದವಾಗಿ ಬೆರೆತ ಪೆಟ್ರೋಲು, ಆ ಮಿಶ್ರಣವನ್ನು ಸಿಲಿಂಡರಿನೊಳಗೆ ಅದುಮುವ ಒತ್ತಡ, ತಕ್ಕ ಕ್ಷಣದಲ್ಲಿ ಒಂದು ಕಿಡಿ. 1876ರಲ್ಲಿ ಜರ್ಮನಿಯ ನಿಕೊಲಾಸ್ ಆಟೊ ರಚಿಸಿದ ನಾಲ್ಕು ಹೊಡೆತದ ಯಂತ್ರದ ಪರಂಪರೆಯಲ್ಲಿ ಬಂದ ಪೆಟ್ರೋಲು ಯಂತ್ರಗಳಲ್ಲಿ ಈ ನಿಯಮವು ಬದಲಾಗಿಲ್ಲ.

1888ರ ಆಗಸ್ಟಿನಲ್ಲಿ ಕಾರ್ಲ್ ಬೆಂಜ್ ಅವರ ಪತ್ನಿ ಬೆರ್ಟಾ ಬೆಂಜ್ ಇಬ್ಬರು ಮಕ್ಕಳೊಡನೆ ಮಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ಗೆ ನೂರು ಕಿಲೋಮೀಟರಿನಷ್ಟು ದೂರ ಪತಿಯ ಮೋಟಾರುಗಾಡಿಯನ್ನು ನಡೆಸಿದರಷ್ಟೆ. ದಾರಿಯಲ್ಲಿ ಇಂಧನದ ಕೊಳವೆ ಕಟ್ಟಿಕೊಂಡಾಗ ಟೋಪಿಯ ಸೂಜಿಯಿಂದ ಅದನ್ನು ಬಿಡಿಸಿದರೆಂದೂ, ಕಿಡಿಯ ತಂತಿಯ ಹೊದಿಕೆ ಸವೆದಾಗ ಕಾಲುಚೀಲ ಕಟ್ಟುವ ಪಟ್ಟಿಯನ್ನು ಅದಕ್ಕೆ ಸುತ್ತಿದರೆಂದೂ ಹೇಳುವರು. ಮೋಟಾರಿನ ಮೊದಲ ದೂರಪ್ರಯಾಣದಲ್ಲಿಯೇ ಎದುರಾದ ಪ್ರಶ್ನೆಗಳು ಇವು: ಇಂಧನ ಬರುತ್ತಿದೆಯೆ? ಕಿಡಿ ಹಾರುತ್ತಿದೆಯೆ?

ಮೂರನೆಯದಾದ ಒತ್ತಡವನ್ನು ಆ ಕಾಲದವರು ಕೇಳಿ ತಿಳಿಯಬೇಕಾಗಿರಲಿಲ್ಲ, ತೋಳೇ ಹೇಳುತ್ತಿತ್ತು. 1908ರಿಂದ 1927ರವರೆಗೆ ಒಂದೂವರೆ ಕೋಟಿಯಷ್ಟು ತಯಾರಾದ ಫೋರ್ಡ್ ಟಿ ಗಾಡಿಯ ಮುಂದೆ ನಿಂತು ಹ್ಯಾಂಡಲು ಹೊಡೆಯುವವನಿಗೆ ಸಿಲಿಂಡರು ಎದುರೊತ್ತುವುದು ಕೈಗೇ ತಿಳಿಯುತ್ತಿತ್ತು. ಹ್ಯಾಂಡಲು ಹಿಂದಕ್ಕೆ ಒದ್ದು ಮಣಿಕಟ್ಟು ಮುರಿದುಕೊಂಡವರೂ ಉಂಟು. 1912ರ ಕ್ಯಾಡಿಲಾಕ್ ಗಾಡಿಯಲ್ಲಿ ಚಾರ್ಲ್ಸ್ ಕೆಟರಿಂಗ್ ಅವರ ವಿದ್ಯುತ್ ಸ್ಟಾರ್ಟರು ಬಂದು ಈ ಅಪಾಯವನ್ನು ತಪ್ಪಿಸಿತು. ಆದರೆ ತೋಳಿನ ತಿಳಿವಳಿಕೆಯನ್ನೂ ಅದು ಕೊಂಡೊಯ್ದಿತು. ಇಂದು ಅದು ಉಳಿದಿರುವುದು ಕಿವಿಯಲ್ಲಿ. ತಿರುಗುವ ಸದ್ದು ಏರಿಳಿತದ ತಾಳದಲ್ಲಿದ್ದರೆ ಒತ್ತಡವಿದೆಯೆಂದು ತಿಳಿಯಬಹುದು. ತಾಳವಿಲ್ಲದೆ ಹಗುರಾಗಿ, ಒಮ್ಮೆಲೇ ಬಿರುಸಾಗಿ ಸುತ್ತಿದರೆ ಟೈಮಿಂಗ್ ಬೆಲ್ಟು ಹರಿದಿರುವ ಶಂಕೆ. ಅಂಥಲ್ಲಿ ಮತ್ತೆ ತಿರುಗಿಸಬಾರದು.

ಇಂಧನದ ಪ್ರಶ್ನೆಯನ್ನು ಟ್ರ್ಯಾಕ್ಟರಿನವರು ಚೆನ್ನಾಗಿ ಬಲ್ಲರು. ಡೀಸೆಲ್ ಯಂತ್ರಕ್ಕೆ ಕಿಡಿಯೇ ಬೇಡ; ಅದುಮಿದ ಗಾಳಿಯ ಕಾವೇ ಸಾಕು. ಆದರೆ ಟಾಕಿ ಬರಿದಾಗಿ ಕೊಳವೆಯಲ್ಲಿ ಗಾಳಿ ಸೇರಿದರೆ ಎಷ್ಟು ತಿರುಗಿಸಿದರೂ ಹೊತ್ತದು. "ಏರ್ ಹಿಡದೈತಿ" ಎಂದು ಕೈಪಂಪು ಒತ್ತಿ ಗಾಳಿಯನ್ನು ಹೊರಡಿಸುವರು. ಪೆಟ್ರೋಲು ಕಾರಿನಲ್ಲಿ ಕಾರ್ಬುರೇಟರಿನ ಸ್ಥಾನಕ್ಕೆ ಇಂಜೆಕ್ಷನ್ ಬಂದ ಮೇಲೆ ಟಾಕಿಯೊಳಗೆ ವಿದ್ಯುತ್ ಪಂಪು ಸೇರಿತು. ಕೀಲಿಯನ್ನು ಅರ್ಧ ತಿರುಗಿಸಿದರೆ ಅನೇಕ ಕಾರುಗಳಲ್ಲಿ ಹಿಂದಿನಿಂದ ಎರಡು ಕ್ಷಣ ಗುಂಯ್ ಎಂಬ ಸದ್ದು ಬರುವುದು. ಬರದಿದ್ದರೆ ಫ್ಯೂಸನ್ನು ನೋಡಬೇಕು. ಪೆಟ್ರೋಲಿನ ವಾಸನೆ ಗಾಢವಾಗಿದ್ದರೆ ಇಂಧನ ಹೆಚ್ಚಾಗಿ ಪ್ಲಗ್ಗು ತೊಯ್ದಿದೆಯೆಂದು ತಿಳಿಯಬೇಕು.

ಇನ್ನು ಕಿಡಿ. ಮಲೆನಾಡಿನ ಅಂಚಿನ ಕಲಘಟಗಿಯಂತಹ ಊರುಗಳಲ್ಲಿ ಮಳೆಗಾಲದ ತೇವವು ಹಳೆಯ ಕಾರುಗಳ ಡಿಸ್ಟ್ರಿಬ್ಯೂಟರಿನ ಮುಚ್ಚಳಕ್ಕೆ ಕೂತು ಕಿಡಿಯನ್ನು ದಾರಿ ತಪ್ಪಿಸುವುದು. ಒಣಬಟ್ಟೆಯಿಂದ ಒರೆಸಿದರೆ ಸಾಕಾಗುವುದುಂಟು. ಹೊಸ ಕಾರುಗಳಲ್ಲಿ ಕಿಡಿಯ ಕ್ಷಣವನ್ನು ನಿರ್ಣಯಿಸುವುದು ಗಣಕ. ಅದಕ್ಕೆ ಸುದ್ದಿ ಮುಟ್ಟಿಸುವ ಸೆನ್ಸರು ಕೆಟ್ಟರೆ ಕಿಡಿಯೂ ಇಂಧನವೂ ಒಟ್ಟಿಗೆ ನಿಲ್ಲಬಹುದು. ಕೀಲಿಯ ಗುರುತು ಸಿಕ್ಕದಿದ್ದರೂ ಹಾಗೆಯೇ. ಆಗ ಎದುರಿನ ಫಲಕದಲ್ಲಿ ಬೀಗದ ದೀಪ ಮಿನುಗುವುದು.

ಹೀಗೆ ಉಪಕರಣಗಳು ಬದಲಾದುವು, ಪ್ರಶ್ನೆಗಳು ಬದಲಾಗಲಿಲ್ಲ. ಉತ್ತರ ಹುಡುಕುವ ಮೊದಲೇ ಬಲ ಪ್ರಯೋಗಿಸುವುದು ಮಾತ್ರ ಇಂದು ಹೆಚ್ಚು ದುಬಾರಿ. ಪ್ರತಿ ಸಲವೂ ಬ್ಯಾಟರಿ ಸೊರಗುವುದು. ದೂಡುತ್ತ ಹೋದರೆ ಸುಡದ ಪೆಟ್ರೋಲು ಹೊಗೆಕೊಳವೆಗಿಳಿದು ಅಲ್ಲಿರುವ ಶೋಧಕವನ್ನು ಕೆಡಿಸುವುದು. ಹತ್ತು ಸೆಕೆಂಡಿಗಿಂತ ಹೆಚ್ಚು ತಿರುಗಿಸದೆ, ನಡುನಡುವೆ ಬಿಡುವು ಕೊಡುವುದು ಲೇಸು.

ನಮ್ಮ ಕಾರಿನಲ್ಲಿ ಆ ಹಿರಿಯರು ಮಾಡಿದ್ದು ಇಷ್ಟೆ. ಎಲ್ಲರನ್ನೂ ಸುಮ್ಮನಿರಿಸಿ, ಹಿಂದಿನ ಸೀಟಿನ ಬಳಿ ಕಿವಿಯಿಟ್ಟು, ಕೀಲಿ ತಿರುಗಿಸಹೇಳಿದರು. ಪಂಪಿನ ಸದ್ದಿಲ್ಲ. ಫ್ಯೂಸು ಸುಟ್ಟಿತ್ತು. ಮುಚ್ಚಳದೊಳಗೆ ಇದ್ದ ಬಿಡಿ ಫ್ಯೂಸನ್ನು ಹಾಕಿದೊಡನೆ, ನಮ್ಮ ಆತುರವು ಬ್ಯಾಟರಿಯಲ್ಲಿ ಉಳಿಸಿದ್ದ ಕಡೆಯ ಕಸುವಿನಿಂದ, ಯಂತ್ರವು ಹೊತ್ತಿಕೊಂಡಿತು. ಇನ್ನು ಎರಡು ಸಲ ತಿರುಗಿಸಿದ್ದರೆ ಆ ಕಸುವೂ ಉಳಿಯುತ್ತಿರಲಿಲ್ಲ.