ನೆಲ ನೋಡಿ ಹೆಸರು ಓದಿದವರು

1925ರಲ್ಲಿ ಇಂಗ್ಲೆಂಡಿನಲ್ಲಿ ಎರಡು ಪುಸ್ತಕಗಳು ಹೊರಬಂದವು. ಒಂದು, ಆಲ್ಫ್ರೆಡ್ ವಾಟ್ಕಿನ್ಸ್ ಬರೆದ 'ದಿ ಓಲ್ಡ್ ಸ್ಟ್ರೇಟ್ ಟ್ರ್ಯಾಕ್'. ಹಳೆಯ ದಿಬ್ಬ, ಚರ್ಚು, ಕೊಳಗಳನ್ನು ನಕ್ಷೆಯ ಮೇಲೆ ಗೆರೆ ಎಳೆದು ಜೋಡಿಸಿದ ವಾಟ್ಕಿನ್ಸ್, 'ಲೀ' ಇರುವ ಊರ ಹೆಸರುಗಳು ಆದಿಮ ನೇರದಾರಿಗಳ ಕುರುಹೆಂದು ನಂಬಿದರು. ಹಳೆಯ ಇಂಗ್ಲಿಷಿನಲ್ಲಿ ಅದಕ್ಕೆ ಕಾಡು ಇಲ್ಲವೇ ಕಾಡು ಕಡಿದು ಮಾಡಿದ ಬಯಲು ಎಂಬುದಷ್ಟೇ ಅರ್ಥ. ಇನ್ನೊಂದು, ಊರ ಹೆಸರುಗಳ ಮೂಲ ಹುಡುಕುವ ಇಂಗ್ಲಿಷ್ ಪ್ಲೇಸ್-ನೇಮ್ ಸೊಸೈಟಿಯ ಬಕಿಂಗ್‌ಹ್ಯಾಮ್‌ಶೈರ್ ಸಂಪುಟ. ಜನ ಇವತ್ತಿಗೂ ಓದುವುದು ಮೊದಲನೆಯದನ್ನೇ.

ಊರ ಹೆಸರುಗಳ ಕುತೂಹಲ ಅದಕ್ಕೂ ಹಳೆಯದು. 1586ರಲ್ಲಿ ವಿಲಿಯಂ ಕ್ಯಾಮ್ಡನ್ 'ಬ್ರಿಟಾನಿಯ' ಬರೆದರು; 1864ರಲ್ಲಿ ಐಸಾಕ್ ಟೇಲರ್ ಅವರ 'ವರ್ಡ್ಸ್ ಅಂಡ್ ಪ್ಲೇಸಸ್' ಬಂತು. ಊಹೆಗೆ ಕಡಿವಾಣ ಬಿದ್ದದ್ದು ಭಾಷಾಪಂಡಿತ ಸ್ಕೀಟ್ ಅವರಿಂದ. 1901ರ ಕೇಂಬ್ರಿಜ್‌ಶೈರ್ ಪುಸ್ತಕದಲ್ಲಿ ಅವರು ಇವತ್ತಿನ ಕಾಗುಣಿತವನ್ನು ಪಕ್ಕಕ್ಕಿಟ್ಟು, 1086ರ ಡೂಮ್ಸ್‌ಡೇ ದಾಖಲೆಯಂಥ ಹಳೆಯ ರೂಪಗಳಿಂದ ಶುರುಮಾಡಿದರು. ನಾಟಿಂಗ್‌ಹ್ಯಾಮ್ ಒಂದು ಕಾಲದಲ್ಲಿ 'ಸ್ನಾಟಿಂಗಹಾಮ್' ಆಗಿತ್ತೆಂದು, ಸ್ನಾಟ್ ಎಂಬವನ ಜನರ ನೆಲೆಯೆಂದು ಗೊತ್ತಾಗುವುದು ಆ ದಾರಿಯಲ್ಲೇ.

ಅಲೆನ್ ಮಾವರ್ 1923ರಲ್ಲಿ ಪ್ಲೇಸ್-ನೇಮ್ ಸೊಸೈಟಿ ಕಟ್ಟಿದರು. ಇತಿಹಾಸಕಾರ ಸ್ಟೆಂಟನ್ ಜೊತೆಯಾದರು. ಆದರೆ ಅಂದಿನ ಮೇಲ್ಪಂಕ್ತಿಯ ವಿದ್ವಾಂಸ ಸ್ವೀಡನ್ನಿನ ಲುಂಡ್‌ನಲ್ಲಿದ್ದರು: ಐಲರ್ಟ್ ಎಕ್ವಾಲ್. 1928ರಲ್ಲಿ ನದಿಗಳ ಹೆಸರು, 1936ರಲ್ಲಿ ಇಡೀ ದೇಶದ ನಿಘಂಟು. ಕೆಂಟ್ ಕೌಂಟಿಯ ದೊಡ್ಡ ಕೆಲಸ ಮಾಡಿದವರೂ ಸ್ವೀಡನ್ನಿನ ವಾಲೆನ್‌ಬರ್ಗ್. ಮನೆಯವರಿಗೆ ಮನೆಯ ಹೆಸರನ್ನು ನೆಂಟರೇ ಓದಿ ಹೇಳಬೇಕಾಯಿತು.

ಸೊಸೈಟಿ ಹುಟ್ಟಿದ ಮೇಲೆ ನಲವತ್ತು ವರ್ಷ ಒಂದು ನಂಬಿಕೆ ಅಲುಗದೆ ನಿಂತಿತ್ತು. ಹೇಸ್ಟಿಂಗ್ಸ್, ರೆಡಿಂಗ್‌ನಂಥ 'ಇಂಗ್' ಹೆಸರುಗಳು ಆಂಗ್ಲೋ-ಸ್ಯಾಕ್ಸನ್ನರು ಬಂದಿಳಿದ ಮೊದಲ ಹೆಜ್ಜೆಗಳೆಂಬುದು ಆ ನಂಬಿಕೆ. 1966ರಲ್ಲಿ ಜಾನ್ ಡಾಡ್ಜ್‌ಸನ್ ಆಗ್ನೇಯ ಇಂಗ್ಲೆಂಡಿನ ಈ ಹೆಸರುಗಳನ್ನು ಕ್ರೈಸ್ತಪೂರ್ವ ಸ್ಮಶಾನಗಳ ನಕ್ಷೆಯ ಪಕ್ಕದಲ್ಲಿಟ್ಟು ನೋಡಿದರು. ಎರಡೂ ಕೂಡಿಬರಲಿಲ್ಲ. ಹೆಸರುಗಳು ಮೊದಲ ವಲಸೆಯವಲ್ಲ, ಆಮೇಲೆ ಒಳನಾಡಿಗೆ ಹರಡಿದ ಕಾಲದವು. ಕೆನೆತ್ ಕ್ಯಾಮರನ್ ಡೇನ್ ವಲಸಿಗರ, 'ಬೀ' ಎಂದು ಕೊನೆಯಾಗುವ ಊರ ಹೆಸರುಗಳನ್ನು ಭೂವಿಜ್ಞಾನದ ನಕ್ಷೆಯ ಮೇಲೆ ಹರಡಿ, ಊರು ಕೂತ ಮಣ್ಣು ಯಾವುದೆಂದು ಕೇಳಿದರು. ಪದಕೋಶದೊಳಗಿದ್ದ ವಿದ್ಯೆ ಬಯಲಿಗೆ ಬಂದದ್ದು ಹೀಗೆ.

ಅದನ್ನು ಬೆಟ್ಟ ಹತ್ತಿಸಿದವರು ಮಾರ್ಗರೆಟ್ ಗೆಲಿಂಗ್. ಅವರ 'ಸೈನ್‌ಪೋಸ್ಟ್ಸ್ ಟು ದಿ ಪಾಸ್ಟ್' 1978ರದು. 1984ರ ಪುಸ್ತಕದಲ್ಲಿ ಅವರು ಹಿಡಿದ ಜಾಡು ಮಾತ್ರ ಪೂರ್ತಿ ಹೊಸದು. ನಿಘಂಟುಗಳು 'ಗುಡ್ಡ', 'ಕಣಿವೆ' ಎಂದು ಬರೆದು ಮುಂದೆ ಹೋಗುತ್ತಿದ್ದ ಕಡೆ ಗೆಲಿಂಗ್ ನಿಂತರು. ಹಳೆಯ ಇಂಗ್ಲಿಷಿನಲ್ಲಿ ಗುಡ್ಡಕ್ಕೆ ಅಷ್ಟೊಂದು ಪದಗಳೇಕೆ? ಒಂದೊಂದೂ ಒಂದೊಂದು ಆಕಾರಕ್ಕೆ. 'ಡೂನ್' ಎಂದರೆ ಮೇಲೆ ಊರು ಕೂರುವಷ್ಟು ಸಪಾಟು ಜಾಗವಿರುವ ಗುಡ್ಡ. ಹಂದಿಗಳ ಗುಡ್ಡ ಎಂಬ ಅರ್ಥದ ಸ್ವಿಂಡನ್ನಿನ ಹಳೇ ಊರು ಗುಡ್ಡದ ಮೇಲೆಯೇ ಇದೆ. 'ಡೆನು' ಉದ್ದಕ್ಕೆ ಬಳುಕಿ ಹೋಗುವ ಕಣಿವೆ. 'ಕುಂಬ್' ಮೂರು ಕಡೆ ಏರು ಇರುವ ಗಿಡ್ಡ ಬೋಗುಣಿ. ಆ್ಯನ್ ಕೋಲ್ ಜೊತೆ ಸೇರಿ 2000ದಲ್ಲಿ ಅವರು ಇದನ್ನೇ ವಿಸ್ತರಿಸಿದರು. ಕೋಲ್ ಬರೆದ ಗುಡ್ಡಗಳ ರೇಖಾಚಿತ್ರಗಳು ಎಷ್ಟೋ ಅಡಿಟಿಪ್ಪಣಿಗಳಿಗಿಂತ ಹೆಚ್ಚು ಹೇಳುತ್ತವೆ. ಗೆಲಿಂಗ್ ಎಲ್ಲ ಕಡೆ ಆಕಾರವನ್ನೇ ಕಂಡರೆಂಬ ಆಕ್ಷೇಪವಿದೆ. ಇರಲಿ, ಆಕ್ಷೇಪಿಸುವವರೂ ಒಮ್ಮೆ ಗುಡ್ಡ ಹತ್ತಬೇಕು.

ಈ ಹಾದಿಯಲ್ಲಿ ಹಿಂದೆ ಬಿದ್ದದ್ದು ಪೇಟೆ. ವಿದ್ವಾಂಸರ ಕಣ್ಣು ಐದಾರನೆಯ ಶತಮಾನದ ಮೇಲೆ ನೆಟ್ಟಿದ್ದರಿಂದ, ಊರ ಹೆಸರಿಗೆ ಆಮೇಲೆ ಅಂಟಿದ ಮಾತುಗಳು ಬಾಲಂಗೋಚಿಯಾಗಿಯೇ ಉಳಿದವು. ಚಿಪ್ಪಿಂಗ್ ನಾರ್ಟನ್, ಚಿಪ್ಪಿಂಗ್ ಕ್ಯಾಂಪ್ಡನ್‌ಗಳ 'ಚಿಪ್ಪಿಂಗ್' ಎಂದರೆ ಸಂತೆ. ಮಾರ್ಕೆಟ್ ಹಾರ್‌ಬರೊ, ನ್ಯೂಮಾರ್ಕೆಟ್‌ಗಳಿಗೆ ವಿವರಣೆ ಬೇಕಿಲ್ಲ. ಆ್ಯಶ್‌ಬಿ-ಡಿ-ಲಾ-ಝೂಚ್, ಮೆಲ್ಟನ್ ಮೋಬ್ರೆಗಳಲ್ಲಿ ಮಧ್ಯಯುಗದ ಧಣಿಗಳ ಮನೆತನ ಕೂತಿದೆ. ಸಂತೆಯ ಸನ್ನದು, ಜಮೀನಿನ ಒಡೆತನ, ಪಕ್ಕದೂರಿನೊಡನೆ ಪೈಪೋಟಿ ಇವೆಲ್ಲ ಈ ಸೇರ್ಪಡೆಗಳಲ್ಲೇ ಇವೆ. ಮಧ್ಯಯುಗದಲ್ಲಿ ಹೊಸದಾಗಿ ನೆಟ್ಟ ಪೇಟೆಗಳ ಮೇಲೆ 1967ರಲ್ಲಿ ದೊಡ್ಡ ಪುಸ್ತಕ ಬರೆದ ಮಾರಿಸ್ ಬೆರೆಸ್‌ಫರ್ಡ್ ಆರ್ಥಿಕ ಇತಿಹಾಸಕಾರರೇ ಹೊರತು ಹೆಸರುಗಳ ಪಂಡಿತರಲ್ಲ. ಹರ್ಟ್‌ಫರ್ಡ್‌ಶೈರ್‌ನ ಬಾಲ್ಡಾಕ್ ಅನ್ನು ಹನ್ನೆರಡನೆಯ ಶತಮಾನದಲ್ಲಿ ಕಟ್ಟಿದ ಟೆಂಪ್ಲರ್ ಯೋಧಸನ್ಯಾಸಿಗಳು ಅದಕ್ಕಿಟ್ಟದ್ದು ಬಾಗ್ದಾದಿನ ಹಳೆಯ ಫ್ರೆಂಚ್ ಹೆಸರನ್ನು. ಅಲ್ಲಿ ಗುಡ್ಡ ನೋಡಿ ಪ್ರಯೋಜನವಿಲ್ಲ. ಸನ್ನದು, ಸುಂಕ, ವ್ಯಾಪಾರದ ಕಾಗದಪತ್ರ ಬಲ್ಲವರೇ ಬೇಕು.